ಅರವತ್ತರ ಗೋಡೆಯ ಮುಂದೆ ಲವಾನ್ ಬಿಟ್ನರ್

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೆಲ್ ಕ್ರಾಸಿಂಗ್ ಊರಿನ ಟರ್ಕಿ ಕೋಳಿ ಕಾರ್ಖಾನೆಯ ಉತ್ತರದ ಗೇಟಿನೆದುರು, ರಸ್ತೆಗೂ ಬೇಲಿಗೂ ನಡುವಿನ ಮೂರಡಿ ಹುಲ್ಲಿನ ಪಟ್ಟಿಯ ಮೇಲೆ ಲವಾನ್ ಬಿಟ್ನರ್ ಎಂಬ ಮಹಿಳೆ ನಿಂತಿದ್ದಾರೆ. ಮೇ ತಿಂಗಳು ಎಂಬುದು ಹೆಸರಿಗೆ ಮಾತ್ರ. ಬಯಲಿನ ಗಾಳಿ ಕಿವಿ ಹಿಂಡುತ್ತಿದೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ನಾಲ್ಕು ಪೆನ್ನು, ಎದೆಗವಚಿಕೊಂಡ ರಟ್ಟು, ರಟ್ಟಿನ ಮೇಲೆ ಸಹಿ ಹಾಳೆ. ಈ ಹುಲ್ಲಿನ ಪಟ್ಟಿ ಸಾರ್ವಜನಿಕರದ್ದು. ಒಂದು ಹೆಜ್ಜೆ ಆಚೆ ಇಟ್ಟರೆ ಕಾರ್ಖಾನೆಯದ್ದು. ಗೇಟಿನ ಕಾವಲುಗಾರ ಆ ಒಂದು ಹೆಜ್ಜೆಗಾಗಿಯೇ ಕಾಯುತ್ತಿದ್ದಾನೆ.

ಐದು ಹೊಡೆಯುತ್ತಲೇ ರಾತ್ರಿ ಪಾಳಿಯವರು ಹೊರಗೆ ಬರುತ್ತಾರೆ, ಬೆಳಗಿನ ಪಾಳಿಯವರು ಒಳಗೆ ಹೋಗುತ್ತಾರೆ. ಆ ಇಪ್ಪತ್ತೈದು ನಿಮಿಷವೇ ಲವಾನ್ ಅವರ ಸುಗ್ಗಿ.

"ಬನ್ನಿ ಬನ್ನಿ, ಒಂದೇ ನಿಮಿಷ! ಕಾಯಿಲೆ ಬಿದ್ದ ದಿನಕ್ಕೆ ಪಾಯಿಂಟ್ ಹಾಕಬಾರದು ಅನ್ನೋರು ಇಲ್ಲಿ ಸಹಿ ಹಾಕಿ. ಹಾಕ್ಲಿ ಬಿಡಿ ಅನ್ನೋರು ಒಳಗೆ ನಡೀರಿ, ಟರ್ಕಿಗಳು ಕಾಯ್ತಾ ಕೂತಿವೆ."

ನಗುವವರು ನಗುತ್ತಾರೆ. ಕೆಲವರು ನೆಲ ನೋಡುತ್ತ ಸರಸರನೆ ದಾಟಿಹೋಗುತ್ತಾರೆ. ಕಾವಲುಗಾರನ ಪಕ್ಕದ ಕ್ಯಾಮೆರಾ ಯಾರ ಕಡೆ ತಿರುಗಿದೆ ಎಂಬುದು ಅವರಿಗೆ ಗೊತ್ತು.

ಪಾಯಿಂಟ್ ಎಂದರೆ ಏನೆಂದು ಈ ಊರಿನಲ್ಲಿ ಎರಡನೇ ತರಗತಿಯ ಮಗುವಿಗೂ ಗೊತ್ತು. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಒಂದು ಪಾಯಿಂಟ್. ಜ್ವರವೋ, ಹೆರಿಗೆ ನೋವೋ, ಅಪ್ಪನ ಮಣ್ಣೋ, ಕಾರ್ಖಾನೆಗೆ ಅದು ಬೇಕಾಗಿಲ್ಲ. ವರ್ಷದಲ್ಲಿ ಏಳಾದರೆ ಗೇಟಿನ ಕಾರ್ಡು ಕೆಲಸ ಮಾಡುವುದಿಲ್ಲ. ಯಾರೂ ಕರೆದು ಹೇಳುವುದಿಲ್ಲ, ಪತ್ರ ಬರುವುದಿಲ್ಲ. ಕಾರ್ಡು ಉಜ್ಜುತ್ತೀರಿ, ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಇಂಥ ನಾಚಿಕೆಗೆಟ್ಟ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನಿಗೆ ಜನ್ಮದಲ್ಲಿ ಜ್ವರ ಬಂದಿರಲಾರದು.

ಲವಾನ್ ಅವರಿಗೂ ಆ ಕೆಂಪು ದೀಪ ಹತ್ತಿದೆ. ಇಪ್ಪತ್ನಾಲ್ಕು ವರ್ಷ ಅವರು ಒಳಗೆ ಹಕ್ಕಿಗಳನ್ನು ಹೊತ್ತು ಓಡುವ ಯಂತ್ರದ ಪಟ್ಟಿಯ ಮುಂದೆ ನಿಂತು ಎದೆಮಾಂಸದಿಂದ ಮೂಳೆ ಬಿಡಿಸಿದವರು. ಆ ಪಟ್ಟಿಯ ಮೇಲೆ ನಿಮಿಷಕ್ಕೆ ಮೂವತ್ತೆರಡು ಹಕ್ಕಿ ಹಾದುಹೋಗುತ್ತವೆ. ಬಲಗೈಯ ಎರಡು ಬೆರಳು ಮಡಚಿಕೊಂಡು ನಿಂತಿವೆ, ನೆಟ್ಟಗಾಗುವುದಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿ ಆಸ್ಪತ್ರೆಯಲ್ಲಿ ಐದು ದಿನ ಮಲಗಿ ಎದ್ದು ಬಂದಾಗ ಪಾಯಿಂಟು ಏಳಾಗಿತ್ತು. ಆಮೇಲೆ ಶಾಲಾ ಬಸ್ಸಿನ ಚಾಲಕಿಯಾದರು. ಈಗಲೂ ಬೆಳಿಗ್ಗೆ ಆರೂ ನಲವತ್ತಕ್ಕೆ ಹನ್ನೊಂದನೇ ನಂಬರಿನ ಬಸ್ಸು ಹೊರಡಬೇಕು. ಅದಕ್ಕೆ ಮುಂಚೆ ಈ ಗೇಟು. ಸಂಜೆ ಕಿರಾಣಿ ಅಂಗಡಿಯ ಬಾಗಿಲು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮೂರು ಚರ್ಚಿನ ಮೆಟ್ಟಿಲು.

"ಬೆರಳು ಮಡಚ್ಕೊಂಡಿದ್ದು ಒಳ್ಳೇದೇ ಆಯ್ತು ನೋಡು, ರಟ್ಟು ಜಾರೋದಿಲ್ಲ" ಎನ್ನುತ್ತಾರೆ. ಅವರಿಗೆ ಅರವತ್ತಮೂರು ವರ್ಷ. ಇಪ್ಪತ್ತಾರು ವರ್ಷದಿಂದ ಅವರು ಮಾಡುತ್ತಿರುವ ಈ ಇನ್ನೊಂದು ಕೆಲಸಕ್ಕೆ ಸಂಬಳವಿಲ್ಲ, ಹೆಸರಿಲ್ಲ. ನಮ್ಮ ಕೌಂಟಿಯ ವಾರಪತ್ರಿಕೆಗೆ ಹತ್ತೊಂಬತ್ತು ವರ್ಷದಿಂದ ಹುಟ್ಟು, ಸಾವು, ಹರಾಜುಗಳ ಸುದ್ದಿ ಬರೆಯುತ್ತಿರುವ ನಾನು ಒಮ್ಮೆಯೂ ಅವರ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ಅದೂ ನಾಚಿಕೆಯ ಮಾತೇ.

ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಹಳೆಯ ಪದ್ಧತಿಯಿದೆ. ಇತ್ತು ಎನ್ನಬೇಕೋ ಏನೋ. ಶಾಸಕರು ಕಿವಿಗೆ ಹಾಕಿಕೊಳ್ಳದ ಮಾತನ್ನು ಜನರೇ ಸಹಿ ಕೂಡಿಸಿ ರಾಜ್ಯಕ್ಕೆಂದೇ ಇರುವ ಸಂವಿಧಾನಕ್ಕೆ ಸೇರಿಸಬಹುದು. ಬೇಕಾದಷ್ಟು ಸಹಿ ಬಂದರೆ ನವೆಂಬರಿನಲ್ಲಿ ಮತಕ್ಕೆ ಬರುತ್ತದೆ. ಅರ್ಧಕ್ಕಿಂತ ಒಂದೇ ಒಂದು ಮತ ಹೆಚ್ಚು ಬಿದ್ದರೂ ಸಾಕು, ಅದು ಸಂವಿಧಾನ. ನೂರು ವರ್ಷದಿಂದ ಹೀಗೆಯೇ ನಡೆದಿದೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಬರೀ ಕಾನೂನು ಮಾಡಿಸಿದರೆ ಸಾಲದೇ ಎಂದು ಕೇಳಬಹುದು. ಒಮ್ಮೆ ಜನ ಮತ ಹಾಕಿ ಕಾನೂನು ಮಾಡಿಸಿದ್ದರು. ಮುಂದಿನ ಜನವರಿಯಲ್ಲಿ ಶಾಸಕರು ಸಭೆ ಸೇರಿದ ಮೂರನೇ ದಿನವೇ ಅದನ್ನು ಅಳಿಸಿ ಹಾಕಿದರು. ಸಂವಿಧಾನವನ್ನು ಮಾತ್ರ ಅವರು ಹಾಗೆ ಅಳಿಸಲಾರರು.

ಲವಾನ್ ಇದುವರೆಗೆ ನಾಲ್ಕು ತಿದ್ದುಪಡಿಗಳಿಗೆ ಸಹಿ ಕೂಡಿಸಿದ್ದಾರೆ. ಮೂರು ಗೆದ್ದಿವೆ. ಎಂಟು ವರ್ಷದ ಹಿಂದೆ ಗೆದ್ದದ್ದು ಆಸ್ಪತ್ರೆ ಕಾರ್ಡಿನದು: ವಿಮೆಯಿಲ್ಲದ ದುಡಿಯುವವರಿಗೆ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ. ಶೇಕಡ ಐವತ್ತನಾಲ್ಕು ಮತ ಬಿತ್ತು. ಲವಾನ್ ಅವರ ತಮ್ಮ ಡೆಲ್ಮರ್, ಊರೂರು ಸುತ್ತಿ ಬೇಲಿ ಕಟ್ಟಿಕೊಡುವವನು, ಅದಾದ ಎರಡೇ ವರ್ಷಕ್ಕೆ ಹೊಲದಲ್ಲಿ ಕುಸಿದು ಬಿದ್ದ. ಹೃದಯದ ಕವಾಟ ಬದಲಾಯಿಸಿದರು. ಕಾರ್ಡು ಇತ್ತು, ಬದುಕಿಕೊಂಡ.

ಈ ಸಲದ ಹಾಳೆಯ ಮೇಲಿರುವುದು ಐದನೆಯದು. "ಕಾಯಿಲೆಯ ಕಾರಣಕ್ಕೆ ವರ್ಷದಲ್ಲಿ ಏಳು ದಿನದವರೆಗೆ ಕೆಲಸಕ್ಕೆ ಬಾರದವರನ್ನು ಯಾವ ಮಾಲೀಕರೂ ದಂಡಿಸಕೂಡದು." ಇಷ್ಟೇ. ಒಂದೂವರೆ ಸಾಲು.

ಸಹಿ ಕೂಡಿಸುವುದು ಎಂದರೆ ಪೆನ್ನು ಚಾಚುವುದಲ್ಲ. ಹತ್ತು ಜನ ಎದುರಿಗೆ ಹಾದುಹೋದರೆ ಆರು ಜನ ತಿರುಗಿಯೂ ನೋಡುವುದಿಲ್ಲ. ಇಬ್ಬರು ಕೇಳಿಸಿಕೊಂಡು ಹೋಗುತ್ತಾರೆ. ಇಬ್ಬರು ಸಹಿ ಹಾಕುತ್ತಾರೆ. ದಿನಕ್ಕೆ ಇಪ್ಪತ್ತೆರಡರಿಂದ ಮೂವತ್ತು. ಪ್ರತಿಯೊಂದು ಸಹಿಯನ್ನೂ ಲವಾನ್ ಕಣ್ಣಾರೆ ನೋಡಿರಬೇಕು. ಹಾಳೆ ತುಂಬಿದ ಮೇಲೆ ನೋಟರಿಯ ಮುಂದೆ ಕೈ ಎತ್ತಿ ಹಾಗೆಂದು ಪ್ರಮಾಣ ಮಾಡಬೇಕು. ಆಮೇಲೆ ಚುನಾವಣಾ ಕಚೇರಿಯವರು ಭೂತಗನ್ನಡಿ ಹಿಡಿದು ಕೂರುತ್ತಾರೆ. ಐದಕ್ಕೊಂದು ಸಹಿ ಬಿದ್ದುಹೋಗುತ್ತದೆ.

"ಗಂಡ ವಿಳಾಸ ಬರೀತಾನೆ. ಹೆಂಡತಿ ಅದರ ಕೆಳಗೆ ಎರಡು ಗೀಟು ಎಳೀತಾಳೆ, ಮೇಲಿನಂತೆ ಅಂತ. ಹೋಯ್ತು! ಅವಳ ಸಹಿ ಕಸದ ಬುಟ್ಟಿಗೆ. ನಲವತ್ತು ವರ್ಷ ಒಂದೇ ಮನೇಲಿ ಅವನ ಕಾಲುಚೀಲ ಎತ್ತಿದೋಳು ಎಲ್ಲಿ ವಾಸ ಮಾಡ್ತಾಳೆ ಅಂತ ಇವರಿಗೆ ಗೊತ್ತಾಗೋದಿಲ್ವಂತೆ."

ಹಾಗಾಗಿ ದಂಪತಿ ಬಂದರೆ ಲವಾನ್ ಇಬ್ಬರನ್ನೂ ಬೇರೆ ಬೇರೆ ಹಾಳೆಯ ಮೇಲೆ ಬರೆಸುತ್ತಾರೆ. ಇದನ್ನು ಅವರಿಗೆ ಯಾವ ತರಬೇತಿಯೂ ಕಲಿಸಿದ್ದಲ್ಲ. ಮೊದಲ ವರ್ಷ ಎಪ್ಪತ್ತು ಹೆಂಗಸರ ಸಹಿ ಕಳೆದುಕೊಂಡು ಕಲಿತದ್ದು.

ಮೇ ತಿಂಗಳ ಆ ಬೆಳಿಗ್ಗೆ ಗೇಟಿನಲ್ಲಿ ಒಬ್ಬ ಹೆಂಗಸು ಲವಾನ್ ಅವರ ಎದುರು ನಿಂತು ಎರಡೂ ಕೈ ಎತ್ತಿ ಆರು ಬೆರಳು ತೋರಿಸುತ್ತಾಳೆ. ಅವಳ ಹೆಸರು ನಾ ಪಾ ವಾ. ಬರ್ಮಾದ ಕರೆನ್ ಜನಾಂಗದವಳು, ನಿರಾಶ್ರಿತರ ಶಿಬಿರದಿಂದ ಬಂದು ಒಂಬತ್ತು ವರ್ಷ ಆಯಿತು. ಈಗ ಇಲ್ಲಿನ ಪ್ರಜೆ. ಲವಾನ್ ನಿಲ್ಲುತ್ತಿದ್ದ ಜಾಗದಲ್ಲೇ ಈಗ ಅವಳು ಮೂಳೆ ಬಿಡಿಸುತ್ತಾಳೆ. ಫೆಬ್ರವರಿಯಲ್ಲಿ ತಾಯಿಗೆ ಪಾರ್ಶ್ವವಾಯು ಹೊಡೆದಾಗ ಮೂರು ದಿನ, ಆಮೇಲೆ ತನ್ನದೇ ಜ್ವರಕ್ಕೆ ಮೂರು ದಿನ.

"ಆರಾಯ್ತಾ?" ಲವಾನ್ ಕೇಳುತ್ತಾರೆ.

"ಆರು ಅಕ್ಕ. ಇನ್ನು ಡಿಸೆಂಬರ್ ತನಕ ನಾನು ಸೀನೋ ಹಾಗೂ ಇಲ್ಲ."

"ಹಾಗಾದ್ರೆ ನವೆಂಬರ್ ತನಕ ಗಟ್ಟಿಯಾಗಿರು. ಅಷ್ಟರೊಳಗೆ ಇದನ್ನ ಗೆಲ್ಲಿಸಿಬಿಡೋಣ."

ಗೆಲ್ಲಿಸಬಹುದಿತ್ತು. ಸಮೀಕ್ಷೆ ಮಾಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ರಾಜ್ಯದಲ್ಲಿ ಶೇಕಡ ಐವತ್ತೈದು ಜನ ಕಾಯಿಲೆ ರಜೆಯ ಪರ. ಶಾಸಕರಿಗೂ ಆ ಸಂಖ್ಯೆ ಗೊತ್ತಿತ್ತು. ಹೊಟ್ಟೆ ಉರಿಯುವುದು ಇಲ್ಲಿಂದಲೇ.

ಶಾಸನಸಭೆ ಚಳಿಗಾಲದಲ್ಲೇ ತನ್ನದೊಂದು ತಿದ್ದುಪಡಿಯನ್ನು ತಯಾರಿಸಿ ಇಟ್ಟಿತ್ತು. ಇನ್ನು ಮುಂದೆ ಸಂವಿಧಾನ ತಿದ್ದಲು ಅರ್ಧಕ್ಕಿಂತ ಒಂದು ಹೆಚ್ಚು ಸಾಲದು, ಶೇಕಡ ಅರವತ್ತು ಬೇಕು. ಇದೇ ನವೆಂಬರಿನಿಂದಲೇ ಜಾರಿ. ಅದನ್ನು ಮತಕ್ಕೆ ಹಾಕಿದ್ದು ಯಾವಾಗ? ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ಜೂನ್ ತಿಂಗಳ ಚುನಾವಣೆಯಲ್ಲಿ. ಪಕ್ಷದ ಕಟ್ಟಾಳುಗಳನ್ನು ಬಿಟ್ಟರೆ ಯಾರೂ ಮತಗಟ್ಟೆಯ ಕಡೆ ತಲೆ ಹಾಕದ, ಅರ್ಧ ಊರು ಹುಲ್ಲು ಕೊಯ್ಲಿನಲ್ಲಿರುವ ಜೂನ್‌ನಲ್ಲಿ. ಇನ್ನೂ ಒಂದಿದೆ, ಉಸಿರು ಬಿಗಿಹಿಡಿದು ಕೇಳಿ. ಅರವತ್ತು ಬೇಕೆನ್ನುವ ಈ ನಿಯಮ ಪಾಸಾಗಲು ಎಷ್ಟು ಬೇಕು? ಹಳೆಯ ಲೆಕ್ಕವೇ! ಅರ್ಧಕ್ಕಿಂತ ಒಂದು ಹೆಚ್ಚು! ತಾವು ಏಣಿ ಹತ್ತಿ ಮೇಲೆ ಹೋಗಿ, ಕೆಳಗಿನವರಿಗೆ ಸಿಗದಂತೆ ಏಣಿಯನ್ನೇ ಎಳೆದುಕೊಳ್ಳುವುದು ಎಂದರೆ ಇದು.

ರಾಜ್ಯದ ಶಾಸನಸಭೆಯಲ್ಲಿ ನಮ್ಮ ಭಾಗದ ಸೆನೆಟರ್ ಆಗಿರುವ ರಾಯ್ಸ್ ಟೆಲ್ಫರ್ಡ್ ಇದನ್ನು ವಿವರಿಸಲು ಗ್ರಂಥಾಲಯದಲ್ಲಿ ಸಭೆ ಕರೆದಿದ್ದರು. ಹದಿನೆಂಟು ಜನ ಬಂದಿದ್ದೆವು. ಸೆನೆಟರ್ ಮೃದು ಮಾತಿನ ಮನುಷ್ಯ. "ಸಂವಿಧಾನ ಅಂದ್ರೆ ಅಡುಗೆಮನೆ ಫ್ರಿಜ್ಜಿನ ಬಾಗಿಲಲ್ಲ, ಬಂದೋರೆಲ್ಲ ಚೀಟಿ ಅಂಟಿಸಿ ಹೋಗೋಕೆ. ಬುನಾದಿ ಅಲುಗಾಡಿಸ್ಬೇಕು ಅಂದ್ರೆ ಬಹಳ ಜನ ಒಪ್ಪಬೇಕು. ಹೊರರಾಜ್ಯದ ಹಣವಂತರು ಬಂದು ಇಲ್ಲಿ ಆಟ ಆಡ್ತಿದಾರೆ" ಎಂದರು.

ಈ ವಾದದಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮೂಲ ಕಟ್ಟಳೆಯನ್ನು ತಿದ್ದುವುದು ಕಷ್ಟವಾಗಿರಬೇಕು ಎಂದು ಪ್ರಾಮಾಣಿಕವಾಗಿ ನಂಬುವವರು ನನ್ನ ಮನೆಯಲ್ಲೇ ಇದ್ದಾರೆ. ಆದರೆ ಆ ಬುನಾದಿಯ ನೆನಪು ಶಾಸಕರಿಗೆ ಬಂದದ್ದು ಜನ ಮೂರು ಸಲ ಗೆದ್ದ ಮೇಲೆ. ಬಹಳ ಜನ ಒಪ್ಪಬೇಕು ಎಂದು ಉಪದೇಶಿಸಿದ ಟೆಲ್ಫರ್ಡ್ ಸಾಹೇಬರು ಮೂವರು ನಿಂತ ಕಣದಲ್ಲಿ ತಾವು ಗೆದ್ದದ್ದು ಶೇಕಡ ನಲವತ್ತೇಳರಲ್ಲಿ! ಅವರ ಕುರ್ಚಿಗೆ ನಲವತ್ತೇಳು ಸಾಕು, ನಾ ಪಾಳ ಜ್ವರಕ್ಕೆ ಅರವತ್ತು ಬೇಕು.

ಸಭೆಯಲ್ಲಿ ಲವಾನ್ ಹಿಂದಿನ ಸಾಲಿನಿಂದ ಎದ್ದು ನಿಂತಿದ್ದರು.

"ಸ್ವಾಮಿ, ಆ ಫ್ರಿಜ್ಜು ಯಾರದ್ದು?"

"ನಮ್ಮೆಲ್ಲರದ್ದು ಲವಾನ್."

"ನಿಮ್ಮದಲ್ಲ. ಮನೆ ನಮ್ಮದು, ಫ್ರಿಜ್ಜು ನಮ್ಮದು, ಚೀಟಿ ನಾವು ಅಂಟಿಸ್ತೀವಿ. ನೀವು ನಾಲ್ಕು ವರ್ಷದ ಬಾಡಿಗೆಗೆ ಬಂದೋರು. ಬಾಡಿಗೆಯೋರು ಬಂದು ಫ್ರಿಜ್ಜನ್ನ ಸೂರಿಗೆ ನೇತು ಹಾಕಿದ್ರೆ ಹೆಂಗೆ?"

ಸಭೆಯೆಲ್ಲ ನಕ್ಕಿತು. ಸೆನೆಟರೂ ನಕ್ಕರು. ನಕ್ಕು, ಕೈಕುಲುಕಿ, ಹೊರಟುಹೋದರು.

ಅವತ್ತಿನಿಂದ ಲವಾನ್ ಎರಡು ಕೆಲಸ ಒಟ್ಟಿಗೆ ಮಾಡತೊಡಗಿದರು. ಹಾಳೆಗೆ ಸಹಿ ಹಾಕಿಸುವುದು, ಸಹಿ ಹಾಕಿದವರ ತೋಳು ಹಿಡಿದು ಜೂನ್ ಹತ್ತಕ್ಕೆ ಬಂದು "ಇಲ್ಲ" ಎಂದು ಮತ ಹಾಕಿ ಎನ್ನುವುದು. ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ ಹಗಲೆಲ್ಲ ಮನೆಮನೆ ಸುತ್ತಿದರು. ಮುನ್ನೂರ ಹನ್ನೆರಡು ಬಾಗಿಲು ತಟ್ಟಿದರು. ಎರಡು ಕಡೆ ನಾಯಿ ಅಟ್ಟಿಸಿಕೊಂಡು ಬಂತು. ಒಂದು ಕಡೆ ಮನುಷ್ಯನೇ ಅಟ್ಟಿಸಿಕೊಂಡು ಬಂದ.

ಈಗ ಈ ಊರಿನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಇಪ್ಪತ್ತಾರು ವರ್ಷ ಲವಾನ್ ಜನರ ಹತ್ತಿರ ಕೇಳಿದ್ದು ಒಂದೇ ಮಾತು: ಹೌದು ಅನ್ನಿ. ಆಸ್ಪತ್ರೆ ಕಾರ್ಡಿಗೆ ಹೌದು, ಶಾಲೆಯ ಊಟಕ್ಕೆ ಹೌದು, ನದಿ ನೀರಿಗೆ ಹೌದು. ಜನರೇ ಮತಪತ್ರಕ್ಕೆ ಹಾಕಿಸಿದ ಪ್ರಶ್ನೆ ಎಂದರೆ ಉತ್ತರ ಹೌದು ಎಂದೇ ಅರ್ಥ. ಮತಪತ್ರದ ಸಣ್ಣಕ್ಷರ ಓದಲು ಪುರುಸೊತ್ತಿಲ್ಲದವರು, ಕನ್ನಡಕ ಮರೆತು ಬಂದವರು, "ಲವಾನ್ ಹೇಳಿದ ಮೇಲೆ ಸರಿಯಾಗೇ ಇರುತ್ತೆ" ಎಂದು ಹೌದು ಎಂಬುದರ ಮುಂದಿನ ಸಣ್ಣ ವೃತ್ತವನ್ನು ಪೆನ್ನಿನಿಂದ ತುಂಬಿ ಬರುತ್ತಿದ್ದರು. ಬೆಲ್ ಕ್ರಾಸಿಂಗ್‌ನಲ್ಲಿ ಅದಕ್ಕೆ ಲವಾನ್ ಓಟು ಎಂದೇ ಹೆಸರು.

ಜೂನ್ ಹತ್ತರ ಮಧ್ಯಾಹ್ನ ನಾನು ಲವಾನ್ ಅವರ ಅಡುಗೆಮನೆಯಲ್ಲಿ ಕುಳಿತಿದ್ದೆ. ಒಲೆಯ ಮೇಲೆ ಹಿಟ್ಟಿನ ಉಂಡೆ ಹಾಕಿದ ಸೂಪು ಕುದಿಯುತ್ತಿತ್ತು. ಹಿಂಬಾಗಿಲು ತಳ್ಳಿಕೊಂಡು ಡೆಲ್ಮರ್ ಬಂದ. ಒಂದು ಕೈಯಲ್ಲಿ ಚರ್ಚಿನ ಹೆಂಗಸರು ಮತಗಟ್ಟೆಯ ಬಾಗಿಲಲ್ಲಿ ಮಾರುವ, ಕೂಖನ್ ಎಂಬ ಹಣ್ಣಿನ ಕೇಕು, ಅಂಗಿಯ ಮೇಲೆ "ನಾನು ಮತ ಹಾಕಿದೆ" ಎಂಬ ಚೀಟಿ.

"ಮುಗಿಸ್ಕೊಂಡು ಬಂದೆ ಅಕ್ಕಾ. ಹೌದು ಅಂತಾನೇ. ಗುಂಡಗೆ ಕಪ್ಪಗೆ ತುಂಬಿದೀನಿ, ಮೆಷಿನ್ನಿಗೆ ಅನುಮಾನವೇ ಬರಬಾರದು."

ಲವಾನ್ ಸೌಟು ಕೆಳಗಿಟ್ಟರು. "ಏನಂತ ಹಾಕ್ದೆ?"

"ಹೌದು ಅಂತ."

"ಡೆಲ್ಮರ್, ಈ ಸಲ ಇಲ್ಲ ಅನ್ಬೇಕಿತ್ತು ಕಣೋ."

ಅವನು ಮೊದಲು ನಕ್ಕ. "ಸುಮ್ನಿರಕ್ಕಾ. ನೀನು ಹುಟ್ಟಿದಾಗಿಂದ ಯಾವತ್ತಾದ್ರೂ ಯಾರಿಗಾದ್ರೂ ಇಲ್ಲ ಅನ್ನು ಅಂದಿದ್ದುಂಟಾ?" ಎಂದು ನನ್ನ ಮುಖ ನೋಡಿದ. ನಾನು ಮೇಜು ನೋಡಿದೆ. ಅವನ ನಗು ಅಲ್ಲೇ ನಿಂತಿತು.

"ಅದರ ಮೇಲೆ 'ಸಂವಿಧಾನವನ್ನು ಕಾಪಾಡಲು' ಅಂತ ಬರೆದಿತ್ತಕ್ಕಾ. ದಪ್ಪಕ್ಷರದಲ್ಲಿ. ನನ್ನ ಆಸ್ಪತ್ರೆ ಕಾರ್ಡು ಅದರಲ್ಲೇ ಅಲ್ವಾ ಇರೋದು, ನೀನು ಸೇರಿಸಿದ್ದು? ಅದನ್ನ ಕಾಪಾಡ್ತಾರೆ ಅಂದ್ಕೊಂಡೆ."

ಆ ಸಾಲನ್ನು ಬರೆದವರು ಯಾರೋ, ರಾಜಧಾನಿಯ ಯಾವ ತಣ್ಣನೆಯ ಕೋಣೆಯಲ್ಲಿ ಕೂತು ಬರೆದರೋ ನನಗೆ ಗೊತ್ತಿಲ್ಲ. ಆದರೆ ಅವರು ಡೆಲ್ಮರ್‌ನ ಮುಖವನ್ನು ಆಗ ನೋಡಬೇಕಿತ್ತು. ಶೇಕಡ ಐವತ್ತನಾಲ್ಕು ಮತದಿಂದ ಬಂದ ಕಾರ್ಡಿನಿಂದ ಬದುಕಿ ಉಳಿದವನ ಕೈಯಲ್ಲೇ ಅರವತ್ತಕ್ಕೆ ಮತ ಹಾಕಿಸಿದ್ದರು. ಅವನ ಬೇಲಿ ಗಟ್ಟಿಮಾಡುತ್ತೇವೆಂದು ಹೇಳಿ, ಅವನಿಂದಲೇ ಗೇಟಿಗೆ ಬೀಗ ಹಾಕಿಸಿದ್ದರು. ಇದಕ್ಕೆ ಮೋಸ ಎನ್ನದೆ ಇನ್ನೇನೆನ್ನಬೇಕು?

ಲವಾನ್ ಬೈಯಲಿಲ್ಲ. "ಕೂತ್ಕೋ, ಸೂಪು ಆರೋಗುತ್ತೆ" ಎಂದರು. ಡೆಲ್ಮರ್ ಕೂರಲಿಲ್ಲ. ಟೋಪಿಯನ್ನು ತಿರುಗಿಸುತ್ತ ಬಾಗಿಲಲ್ಲೇ ನಿಂತಿದ್ದು, "ವಾಪಸ್ ಹೋಗಿ ಬದಲಾಯಿಸೋಕೆ ಆಗುತ್ತಾ?" ಎಂದು ಕೇಳಿದ. ಆಗುವುದಿಲ್ಲ ಎಂದು ನಾನು ಹೇಳಿದೆ. ಅವನು ಹೊರಟುಹೋದ.

"ಮುನ್ನೂರ ಹನ್ನೆರಡು ಬಾಗಿಲು ತಟ್ಟಿದೆ ಕಣೋ" ಎಂದರು ಲವಾನ್, ನನ್ನ ಕಡೆ ತಿರುಗಿ. "ತಮ್ಮನ ಬಾಗಿಲು ತಟ್ಟಲಿಲ್ಲ. ಅವನಿಗೇನು ಹೇಳೋದು, ನಮ್ಮವನೇ ಅಲ್ವಾ ಅಂದ್ಕೊಂಡುಬಿಟ್ಟೆ. ತಪ್ಪು ಅವನದಲ್ಲ, ನನ್ನದು."

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದೇ ಸಂಜೆ ಕಿರಾಣಿ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಲವಾನ್ ಅವರಿಗೆ ಹೆಬ್ಬೆರಳು ಎತ್ತಿ ತೋರಿಸಿದರು. "ಹಾಕಿದೀವಿ ಲವಾನ್, ಹೌದು ಅಂತಲೇ!" ಒಬ್ಬ ಮುದುಕಿಯಂತೂ ಅಪ್ಪಿಕೊಂಡು ಮುತ್ತು ಕೊಟ್ಟಳು. ಲವಾನ್ ಥ್ಯಾಂಕ್ಸ್ ಎಂದರು. ಆಮೇಲೆ ಕಾರಿನಲ್ಲಿ ಕೂತು, ಕೀಲಿ ತಿರುಗಿಸದೆ, ಸ್ಟೀರಿಂಗ್ ಮೇಲೆ ಹಣೆ ಇಟ್ಟುಕೊಂಡರು.

ಲವಾನ್ ಫಲಿತಾಂಶಕ್ಕಾಗಿ ಕಾದು ಕೂರುವವರಲ್ಲ. ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಗೇಟಿಗೆ ಬಂದಾಗ ಕಾವಲುಗಾರನ ರೇಡಿಯೋ ಹೇಳುತ್ತಿತ್ತು. ಅರವತ್ತರ ನಿಯಮ ಗೆದ್ದಿತು, ಶೇಕಡ ಐವತ್ತೊಂದು ದಶಾಂಶ ಆರು ಮತಗಳಿಂದ. ಇನ್ನೊಮ್ಮೆ ಓದಿ. ನೂರಕ್ಕೆ ಐವತ್ತೊಂದು ಜನ ಸೇರಿ, ಇನ್ನು ಮೇಲೆ ಐವತ್ತೊಂಬತ್ತು ಜನ ಸೇರಿದರೂ ಸಾಲದು ಎಂದು ತೀರ್ಮಾನಿಸಿದರು. ತನ್ನದೇ ಲೆಕ್ಕದ ಪ್ರಕಾರ ಸೋಲಬೇಕಾಗಿದ್ದ ನಿಯಮ ಅದು. ನಮ್ಮ ಕೌಂಟಿಯಲ್ಲಿ ಹೌದು ಎಂದವರು ಇನ್ನೂರ ಏಳು ಹೆಚ್ಚು. ಅದರಲ್ಲಿ ಲವಾನ್ ಓಟುಗಳು ಎಷ್ಟು ಎಂದು ಎಣಿಸುವ ಧೈರ್ಯ ನನಗಿಲ್ಲ.

ಐದೂ ಐದಕ್ಕೆ ಕರೆನ್ ಕೆಲಸಗಾರರ ವ್ಯಾನು ಬಂದು ನಿಂತಿತು. ನಾಲ್ಕು ಜನ ಇಳಿದರು. ಯಾವಾಗಲೂ ಐದು ಜನ ಇಳಿಯುತ್ತಾರೆ. ಲವಾನ್ ವ್ಯಾನಿನೊಳಗೆ ಬಗ್ಗಿ ನೋಡಿದರು.

"ನಾ ಪಾ ಎಲ್ಲಿ?"

ವ್ಯಾನು ಓಡಿಸುವ ಸಾ ಟೂ ತಲೆಯಾಡಿಸಿದ. "ರಾತ್ರಿಯೆಲ್ಲ ವಾಂತಿ. ಮೈ ಸುಡ್ತಿತ್ತು. ಆದ್ರೂ ಎದ್ದು ಬೂಟು ಹಾಕ್ಕೊಂಡ್ಲು. ಬಾಗಿಲ ತನಕ ಬಂದೋಳು ಅಲ್ಲೇ ಬಿದ್ದುಬಿಟ್ಲು. ನಾವೇ ಎತ್ತಿ ಮಲಗಿಸಿ ಬಂದ್ವಿ."

"ಏಳು?"

"ಏಳು."

ಲವಾನ್ ರಟ್ಟನ್ನು ಮುಂದೆ ಚಾಚಿದರು. ಕೊರಳಿನ ಪೆನ್ನಿನ ಮುಚ್ಚಳ ತೆಗೆದು ಸಾ ಟೂನ ಮುಂದೆ ಹಿಡಿದರು. ಅವನು ಅಲ್ಲಿಯತನಕ ಸಹಿ ಹಾಕಿರಲಿಲ್ಲ, ಕ್ಯಾಮೆರಾಗೆ ಹೆದರುತ್ತಿದ್ದ. ಆ ದಿನ ಕ್ಯಾಮೆರಾದ ಕಡೆಗೇ ಮುಖ ಮಾಡಿ ನಿಂತು ಹಾಕಿದ. ಅವನ ಹಿಂದೆ ಉಳಿದ ಮೂವರೂ ಹಾಕಿದರು.

ಏಳು ಗಂಟೆಗೆ ರಾಜಧಾನಿಯಿಂದ ಫೋನು ಬಂತು. ಕಾಯಿಲೆ ರಜೆಯ ಚಳವಳಿಯ ಕಚೇರಿಯ ಹುಡುಗಿ. ಅರವತ್ತು ಮುಟ್ಟುವುದು ಲೆಕ್ಕದ ಪ್ರಕಾರ ಸಾಧ್ಯವಿಲ್ಲ, ಸಹಿ ಕೂಡಿಸುವುದನ್ನು ನಿಲ್ಲಿಸೋಣ ಎಂದು ಯೋಚನೆ ಇದೆ, ನಿಮ್ಮ ಶ್ರಮಕ್ಕೆ ನಾವು ಋಣಿ ಎಂದಳು. ಲವಾನ್ ಪೂರ್ತಿ ಕೇಳಿಸಿಕೊಂಡರು.

"ನಿಲ್ಲಿಸದೆ ಹೋದ್ರೆ ಎಷ್ಟು ಬರ್ಬಹುದು ಅಂತೀಯಾ ಮಗಳೇ?"

"ಐವತ್ತೈದು. ಬಹಳ ಅಂದ್ರೆ ಐವತ್ತಾರು."

"ನಿಲ್ಲಿಸಿದ್ರೆ?"

ಹುಡುಗಿ ಬಾಯಿ ತೆರೆಯುವ ಮುಂಚೆ ಲವಾನ್ ಅವರೇ ಉತ್ತರಿಸಿದರು.

"ಸೊನ್ನೆ ಅಲ್ವಾ? ಹಾಗಾದ್ರೆ ಹಾಳೆ ಕಳಿಸು. ನನ್ನ ಹತ್ರ ಆರೇ ಉಳಿದಿವೆ."

ಹಾಳೆಗಳು ಬಂದಿವೆ. ಕಚೇರಿಯೂ ನಿಲ್ಲಿಸಲಿಲ್ಲ, ಇಂಥ ಲವಾನ್‌ಗಳು ಬೇರೆ ಊರುಗಳಲ್ಲೂ ಇದ್ದಾರೆಂದು ಕಾಣುತ್ತದೆ. ಈ ವಾರದ ಕೊನೆಗೆ ಅವರೊಬ್ಬರೇ ಕೂಡಿಸಿದ ಸಹಿ ಸಾವಿರದ ನಾನೂರು ದಾಟಿದೆ. ಜುಲೈ ಮೂರಕ್ಕೆ ಗಡುವು. ನಾ ಪಾ ವಾ ಜ್ವರ ಇಳಿದ ಮೇಲೆ ಕಾರ್ಡು ಉಜ್ಜಿ ನೋಡಿದಳು, ಕೆಂಪು ದೀಪ ಹತ್ತಿತು. ಈಗ ಮೊಟ್ಟೆ ತೊಳೆಯುವ ಕಡೆ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿದೆ. ತಾಯಿಯ ಚಿಕಿತ್ಸೆಗಾಗಿ ಮಾಡಿಟ್ಟಿದ್ದ ಏರ್ಪಾಡೆಲ್ಲ ತಲೆಕೆಳಗಾಗಿದೆ. ಅವಳು ಯಾರನ್ನೂ ದೂರುವುದಿಲ್ಲ. ಅವಳ ಪರವಾಗಿ ನಾನು ದೂರುತ್ತೇನೆ. ಮಲಗಿಕೊಂಡದ್ದಕ್ಕೆ ಒಂದು ಹೆಣ್ಣಿನ ಅನ್ನ ಕಿತ್ತುಕೊಂಡವರನ್ನೂ ದೂರುತ್ತೇನೆ, ಅದನ್ನು ತಡೆಯಲು ಹೊರಟವರ ಮುಂದೆ ಗೋಡೆ ಎತ್ತರಿಸಿದವರನ್ನೂ ದೂರುತ್ತೇನೆ.

ನಿನ್ನೆ ಗೇಟಿಗೆ ಹೋದಾಗ ಹುಲ್ಲಿನ ಪಟ್ಟಿಯ ಮೇಲೆ ಇಬ್ಬರಿದ್ದರು. ಡೆಲ್ಮರ್ ಮಡಚುವ ಕುರ್ಚಿ ತಂದು, ಅದರಲ್ಲಿ ತಾನು ಕೂರದೆ, ಅಕ್ಕನ ಪಕ್ಕ ನಿಂತಿದ್ದ. ಹಾದುಹೋಗುವವರಿಗೆಲ್ಲ ತನ್ನ ಕಥೆಯನ್ನು ತಾನೇ ಹೇಳುತ್ತಿದ್ದ. "ಓದದೆ ಹಾಕಿದ ಪೆದ್ದ ನಾನೇ. ನೀವು ಓದಿ ಸಹಿ ಹಾಕಿ." ಜನ ನಿಂತು ಕೇಳುತ್ತಿದ್ದರು. ಅವನಿದ್ದ ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಸಹಿ ಬಿದ್ದವು.

ಅವನು ಕಾಫಿ ತರಲು ಹೋದಾಗ ಲವಾನ್ ದನಿ ತಗ್ಗಿಸಿದರು. "ಹೆದರಿಬಿಟ್ಟಿದಾನೆ ಕಣೋ. ಎಲ್ಲದಕ್ಕೂ ಇಲ್ಲ ಅನ್ನೋಕೆ ಶುರು ಮಾಡಿದಾನೆ. ಮೊನ್ನೆ ಫಾರ್ಮಸಿಯವನು ಮಾತ್ರೆ ಬೇಕಾ ಅಂದ್ರೆ ಇಲ್ಲ ಅಂದು ಬಂದಿದಾನೆ. ಊರೆಲ್ಲ ಹಂಗೇ ಆಗಿದೆ. 'ಇನ್ನು ಮೇಲೆ ಏನೇ ಬರಲಿ, ಇಲ್ಲ ಅಂತೀವಿ ಲವಾನ್, ಮತ್ತೆ ಮೋಸ ಹೋಗಲ್ಲ' ಅಂತಾರೆ. ನಾನು ಅಳೋದೋ ನಗೋದೋ?"

ನಿಮ್ಮ ಬಗ್ಗೆ ಬರೆಯುತ್ತೇನೆ, ಒಂದು ಒಳ್ಳೆಯ ಫೋಟೋ ಕೊಡಿ ಎಂದೆ. ಅವರು ಮಡಚಿದ ಬೆರಳುಗಳಿಂದ ರಟ್ಟನ್ನು ಸರಿಮಾಡಿಕೊಂಡರು.

"ನನ್ನ ಮೂತಿ ಯಾರು ನೋಡಬೇಕು? ಫೋಟೋ ಜಾಗದಲ್ಲಿ ದಪ್ಪಕ್ಷರದಲ್ಲಿ ಹಾಕು, ನವೆಂಬರಿನಲ್ಲಿ ಹೌದು ಅಂತ. ಈ ಸಲ ಹೌದು. ಡೆಲ್ಮರ್ ನಿನ್ನ ಪೇಪರಿನಲ್ಲಿ ಹರಾಜಿನ ಪುಟ ಬಿಟ್ಟು ಬೇರೇನೂ ಓದೋದಿ‌ಲ್ಲ, ಅಲ್ಲೇ ಹಾಕು. ಹತ್ತು ಜನದಲ್ಲಿ ಆರು ಜನ ಬೇಕಲ್ಲಪ್ಪ ಈಗ. ಒಬ್ಬನಾದ್ರೂ ನಮ್ಮ ಮನೆಯವನಾಗಿರ್ಲಿ."